ಕಾಗಿಣಾ ಹೊಳೆ ಪರೀಕ್ಷೆಗೆ ಕೂತ ದಿನ

ನಾನು ಸುಮ್ಮನಿದ್ದರೂ ನನ್ನ ಸುತ್ತ ಏನಾದರೊಂದು ಆಗುತ್ತಲೇ ಇರುತ್ತದೆ; ಸುಮ್ಮನಿರದಿದ್ದರೆ ಸ್ವಲ್ಪ ಬೇಗ ಆಗುತ್ತದೆ, ಅಷ್ಟೇ. ಸೇಡಂನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ನಾನು. ಪ್ರಿನ್ಸಿಪಾಲರು ಸಾಬೂನಿನಿಂದ ಕೈ ತೊಳೆದು ಒರೆಸಿಕೊಂಡ ಕೂಡಲೇ ಟವಲು ಗುಲಾಬಿ ಬಣ್ಣಕ್ಕೆ ತಿರುಗುವಂತೆ ಮಾಡಿದ್ದು ಯಾರು ಎಂದು ಇವತ್ತಿಗೂ ಅಲ್ಲಿ ಪತ್ತೆಯಾಗಿಲ್ಲ. ಪತ್ತೆ ಹಚ್ಚುವ ಕೆಲಸವನ್ನು ನನಗೇ ಒಪ್ಪಿಸಿದ್ದರು. ಈಗ ಹೇಳಹೊರಟಿರುವುದರಲ್ಲಿ ಮುಕ್ಕಾಲು ಪಾಲು ನಡೆದದ್ದು. ಉಳಿದದ್ದು ನಡೆಯಬೇಕಾಗಿತ್ತು, ಯಾಕೋ ನಡೆಯಲಿಲ್ಲ.

ಐದು ಬಾಟಲಿ

ಐದಾರು ವರ್ಷದ ಹಿಂದಿನ ಬೇಸಿಗೆ. ಕಾಗಿಣಾ ಹೊಳೆ ಬತ್ತಿ ಅಲ್ಲಲ್ಲಿ ಮಡುಗಟ್ಟಿ ನಿಂತಿತ್ತು. ಶಹಾಬಾದಿಗೆ ಸ್ವಲ್ಪ ಈಚೆ, ಹೊಳೆದಂಡೆಯ ಒಂದು ಸಣ್ಣ ಊರಿನಲ್ಲಿ ಮಕ್ಕಳಿಗೆ ವಾಂತಿಭೇದಿ ಹತ್ತಿತ್ತು. ಇಬ್ಬರು ಆಗಲೇ ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡು ಮಲಗಿದ್ದರು. ಆ ಊರಿನವರು ಕುಡಿಯುವುದು ಹೊಳೆ ನೀರು. ಬೋರ್ ಹೊಡೆಯುವ ಲಾರಿ ಆಗ ಚಿತ್ತಾಪುರ ತಾಲೂಕಿನಲ್ಲೇ ಇತ್ತು, ಸೋಮವಾರ ಚಿಂಚೋಳಿ ಕಡೆ ಹೊರಡುವುದಿತ್ತು. ಅಷ್ಟರೊಳಗೆ ‘ಈ ನೀರು ಕುಡಿಯಲು ಯೋಗ್ಯವಲ್ಲ’ ಎಂಬ ರಿಪೋರ್ಟ್ ಬಂದರೆ ಊರಿಗೆ ಬೋರು, ಕೈಪಂಪು. ಬರದಿದ್ದರೆ ಲಾರಿ ಹೋದಂತೆಯೇ. ಅದು ಮತ್ತೆ ಈ ದಾರಿ ಹಿಡಿಯುವುದು ಮುಂದಿನ ಬೇಸಿಗೆಗೆ.

ನಮ್ಮ ಕಾಲೇಜಿಗೆ ಮೈಸೂರು ಕಡೆಯಿಂದ ಹೊಸ ಲೆಕ್ಚರರೊಬ್ಬರು ಬಂದಿದ್ದರು. ಸಣ್ಣ ವಯಸ್ಸು, ದೊಡ್ಡ ನಿಯತ್ತು. ಗುಲ್ಬರ್ಗಾದ ಲ್ಯಾಬಿಗೆ ತಾವೇ ಹೋಗಿ, ನಮ್ಮ ಹುಡುಗರಿಗೂ ಕಲಿತಂತಾಗುತ್ತದೆ, ಆ ಊರಿನದರ ಜೊತೆ ಹೊಳೆಗುಂಟ ಇನ್ನೂ ಮೂರು ಊರಿನ ನೀರು ನಾವೇ ತುಂಬಿ ತರುತ್ತೇವೆ ಎಂದು ಒಪ್ಪಿಸಿ ಬಂದರು. ಲ್ಯಾಬಿನವರು ಐದು ಬಾಟಲಿ ಕೊಟ್ಟರು. ಊರಿಗೊಂದು, ಹೆಚ್ಚಿನದೊಂದು. ಕ್ರಿಮಿ ಸಾಯುವ ಹಾಗೆ ಕಾಯಿಸಿ, ಬಾಯಿಗೆ ಹತ್ತಿ ತುರುಕಿ, ಕಂದು ಕಾಗದ ಸುತ್ತಿ ದಾರ ಕಟ್ಟಿದ ಬಾಟಲಿಗಳು. ತುಂಬುವ ಕ್ಷಣದವರೆಗೆ ಬಿಚ್ಚಬಾರದು, ಬಾಯಿಗೆ ಬೆರಳು ತಾಗಬಾರದು, ತುಂಬಿದ ಮೇಲೆ ಮಂಜುಗಡ್ಡೆಯಲ್ಲಿ, ನಮ್ಮ ಕಡೆ ಹೇಳುವ ಬರ್ಫದಲ್ಲಿ, ಇಡಬೇಕು, ಅದೇ ಸಂಜೆ ಗುಲ್ಬರ್ಗಾ ಮುಟ್ಟಿಸಬೇಕು. ಲೆಕ್ಚರರು ಈ ನಿಯಮಗಳನ್ನು ಮೂರು ಸಲ ಓದಿದರು. ಮೂರನೆಯ ಸಲ ನನ್ನ ಮುಖವನ್ನೇ ನೋಡುತ್ತ ಓದಿದರು.

ಗುರುವಾರ ಬೆಳಗ್ಗೆ ಆರಕ್ಕೆ ಎಂಟು ವಿದ್ಯಾರ್ಥಿಗಳು, ಲೆಕ್ಚರರು, ನಾನು, ವಾಡಿಯಿಂದ ಮೊದಲ ಗಾಡಿಗೆ ತರಿಸಿ ಹೊಟ್ಟಿನಲ್ಲಿ ಹೂತ ಬರ್ಫದ ಪೆಟ್ಟಿಗೆ, ಎಲ್ಲರೂ ಗೇಟಿನ ಮುಂದೆ ತಯಾರಾಗಿ ನಿಂತೆವು. ಹೇಳಿದ್ದು ಜೀಪು; ಬಂದದ್ದು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು. ಅದನ್ನು ಓಡಿಸುವ ಚಾಚಾ ನಮ್ಮ ತಾಲೂಕಿಗೆಲ್ಲ ಗೊತ್ತಿದ್ದವರು, ಯಾವುದಕ್ಕೂ ಅವಸರ ಮಾಡಿದವರಲ್ಲ. ಲೆಕ್ಚರರು ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿ ನೋಡಿ, ಇದು ಸಂಜೆಯೊಳಗೆ ಶಹಾಬಾದ್ ಸ್ಟೇಷನ್ ಮುಟ್ಟುತ್ತದೆಯೇ ಎಂದು ಕೇಳಿದರು.

ಚಾಚಾ ಬೀಡಿ ಆರಿಸಿದರು. “ಯಾವತ್ತಿನ ಸಂಜಿ ಅಂತ ಹೇಳ್ರಿ ಸಾಬ್. ಮುಟ್ಟಸ್ತೀನಿ.”

ತಿಕ್ಕಿದ ಬಾಟಲಿ

ಮೊದಲ ಊರಿನಲ್ಲಿ ಎಲ್ಲವೂ ಪುಸ್ತಕದಲ್ಲಿ ಬರೆದಂತೆ ನಡೆಯಿತು. ಲೆಕ್ಚರರು ಪ್ಯಾಂಟು ಮಡಚಿ ನೀರಿಗಿಳಿದರು. ದಪ್ಪ ಕನ್ನಡಕದ ಹುಡುಗಿಯೊಬ್ಬಳು ದಂಡೆಯಲ್ಲಿ ನಿಂತು ರಿಜಿಸ್ಟರಿನಲ್ಲಿ ಹೊತ್ತು, ಬಣ್ಣ, ವಾಸನೆ ಎಲ್ಲ ಬರೆದುಕೊಂಡಳು. ಊರಿನ ಹಿರಿಯರು ಚಹಾ ಕುಡಿಯದೆ ಬಿಡುವುದಿಲ್ಲ ಎಂದು ಮನೆಗೆ ಕರೆದೊಯ್ದರು. ಪೆಟ್ಟಿಗೆಯನ್ನು ಅವರ ಕಟ್ಟೆಯ ಮೇಲಿಟ್ಟು ಒಳಗೆ ಕೂತೆವು.

ಹೊರಗೆ ಬಂದರೆ ಕಟ್ಟೆಯ ಮೇಲೆ ಒಂದು ಬಾಟಲಿ ಬೋರಲಾಗಿ ಬಿಸಿಲಿಗೆ ಒಣಗುತ್ತಿತ್ತು. ಕಾಗದ, ಹತ್ತಿ, ದಾರ ಪಕ್ಕದಲ್ಲಿ ಒಪ್ಪವಾಗಿ ಮಡಚಿಟ್ಟಿದ್ದವು. ಹಿರಿಯರ ತಾಯಿ, ಎಂಬತ್ತರ ಅಜ್ಜಿ, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿ ಥಳಥಳ ಮಾಡಿ ಇಟ್ಟಿದ್ದಳು. ಇದನ್ನು ಯಾರು ತೊಳೆದದ್ದು ಎಂದು ಲೆಕ್ಚರರು ಕೇಳಿದಾಗ ಅವರ ದನಿ ಅರ್ಧಕ್ಕೇ ಹೋಗಿತ್ತು. ಅಜ್ಜಿಗೆ ಅದು ಮೆಚ್ಚುಗೆಯಾಗಿ ಕೇಳಿಸಿರಬೇಕು.

“ನಾನೇ ಯಪ್ಪಾ. ಎಲ್ಲೆಲ್ಲಿ ಇಟ್ಟಿದ್ರೋ ಏನೋ ಅಂತ ತೊಳದೆ. ಉಳಿದ ಮೂರೂ ತೊಳೀತಿದ್ದೆ, ಬೂದಿ ತೀರತು.”

ಲೆಕ್ಚರರು ಕಟ್ಟೆಯ ಮೇಲೆ ಕುಕ್ಕರಿಸಿದರು. ಹೆಚ್ಚಿನ ಬಾಟಲಿ ಅಲ್ಲಿಗೆ ಮುಗಿಯಿತು. ಇನ್ನು ಮೂರು ಊರು, ಮೂರೇ ಬಾಟಲಿ. ಒಂದು ಕೆಟ್ಟರೆ ಒಂದು ಊರು ಕೆಟ್ಟಂತೆ.

ಇಷ್ಟು ಹೊತ್ತಿಗೆ ಜನ ಕೂಡಿದ್ದರು. ಇದೇನು ನೀರಿನ ಪರೀಕ್ಷೆ, ಯಾಕೆ ಇಷ್ಟು ನಾಜೂಕು ಎಂದು ನನ್ನನ್ನು ಕೇಳತೊಡಗಿದರು. ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಪ್ಪತ್ತು ಮುಖಗಳು ನನ್ನ ಕಡೆ ತಿರುಗಿ ನಿಂತಾಗ ನಿಜ ಹೇಳುವ ಚಟ ನನಗೆ ಎಂದೂ ಇರಲಿಲ್ಲ. ಗಂಭೀರ ಮುಖ ಮಾಡಿ, ಇದು ಮೆಟ್ರಿಕ್ ಪರೀಕ್ಷೆ ಇದ್ದಂತೆ, ಊರಿಗೆ ಊರೇ ಪರೀಕ್ಷೆಗೆ ಕೂತಂತೆ ಎಂದೆ. ಫೇಲಾದ ಊರಿನ ಹೆಸರನ್ನು ತಹಸೀಲ್ ಕಚೇರಿಯ ಬಾಗಿಲಿಗೆ ಹಚ್ಚುತ್ತಾರೆ ಎಂದೆ. ಅಲ್ಲಿಗೂ ನಿಲ್ಲಲಿಲ್ಲ.

“ಬೀಗರಾಗೋರು ಅದನ್ನ ಓದತಾರ. ಹೊಲಸು ನೀರು ಕುಡಿಯೋ ಊರಿಗಿ ಆಮ್ಯಾಗ ಯಾರು ಹೆಣ್ಣು ಕೊಡ್ತಾರ, ಯಾರು ತರ್ತಾರ?”

ಹಿರಿಯರ ಮುಖ ಬಾಡಿತು. ತಮ್ಮದು ತುಂಬಿ ಆದ ಮೇಲೆ ಹೇಳಿದರೆ ಏನು ಮಾಡುವುದು, ಮೊದಲೇ ಹೇಳಬಾರದಿತ್ತೇ ಎಂದು ನನ್ನನ್ನು ಬೈದರು. ಅವರ ಅಳಿಯನೊಬ್ಬ ಹೊಳೆಗುಂಟದ ಊರುಗಳಲ್ಲೆಲ್ಲ ನೆಂಟರಿದ್ದವನು. ಅವರಿಗಾದರೂ ತಿಳಿಸಿ ಬರುತ್ತೇನೆಂದು ಚಪ್ಪಲಿ ಮೆಟ್ಟಿದ. ಅಷ್ಟರಲ್ಲಿ ಕೆಂಪು ಬಸ್ಸು ಬಂತು. ಮುದಿ ಟ್ರ್ಯಾಕ್ಟರಿಗಿಂತ ಎರಡು ತಾಸು ಮುಂಚೆ ಕೊನೆಯ ಊರು ಮುಟ್ಟುವ ಬಸ್ಸು.

ಅದಕ್ಕೆ ಕೈ ಮಾಡಿ ನಿಲ್ಲಿಸಿಕೊಟ್ಟವನೂ ನಾನೇ.

ಬೆಚ್ಚನೆಯ ಹೊಳೆ

ಎರಡನೆಯ ಊರಿನ ದಂಡೆಯಲ್ಲಿ ಎಮ್ಮೆಯಿಲ್ಲ, ಬಟ್ಟೆ ಒಗೆಯುವವರಿಲ್ಲ, ಈಜುವವರಿಲ್ಲ. ಎಂಥ ಶಿಸ್ತಿನ ಊರು ಎಂದು ಲೆಕ್ಚರರು ಹುಡುಗರಿಗೆ ತೋರಿಸಿದರು. ಅಲ್ಲಿಯ ಹಿರಿಯರು, ದಂಡೆಯಲ್ಲಿ ಬರೀ ಕೆಸರು, ಒಳ್ಳೆಯ ನೀರು ಬೇಕಾದರೆ ನಡುಹೊಳೆಯ ಬಂಡೆಯ ಆಚೆ ತುಂಬಬೇಕು, ಅಲ್ಲಿ ಎರಡಾಳು ಆಳ ಇದೆ ಎಂದರು. ಲೆಕ್ಚರರಿಗೆ ಈಜು ಬಾರದು. ನನಗೆ ಬರುತ್ತದೆ, ಆದರೆ ಆ ದಿನ ಮೊಣಕಾಲು ನೋಯುತ್ತಿತ್ತು. ಯಾವುದೆಂದು ಈಗ ನೆನಪಿಲ್ಲ. ಕೊನೆಗೆ ಊರಿನ ಗಟ್ಟಿಗನೊಬ್ಬ ಬಾಟಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಈಜಿಕೊಂಡು ಬಂಡೆಯ ಹಿಂದೆ ಹೋದ. ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು. ತುಂಬಿದ ಬಾಟಲಿ ಹಿಡಿದು ಅದೇ ಗತ್ತಿನಲ್ಲಿ ತಿರುಗಿ ಬಂದ.

ಲೆಕ್ಚರರು ಬಾಟಲಿ ತೆಗೆದುಕೊಂಡವರು ಕೈಯಿಂದ ಕೈಗೆ ಬದಲಿಸಿದರು. ಹೊಳೆ ನೀರು ಇಷ್ಟು ಬಿಸಿ ಇದೆಯಲ್ಲ ಎಂದರು.

ಹಿರಿಯರು ಸೂರ್ಯನ ಕಡೆ ಕೈ ತೋರಿಸಿದರು. “ನಮ್ಮ ಕಡಿ ಬಿಸಲು ಹಂಗ ಅದರಿ ಸಾಬ್. ಹೊಸಬರು ನೀವು, ಜೋಪಾನ.”

ಕನ್ನಡಕದ ಹುಡುಗಿ ರಿಜಿಸ್ಟರಿನಲ್ಲಿ ‘ಬಿಸಿ’ ಎಂದು ಬರೆದು ಮುಂದೆ ಪ್ರಶ್ನೆ ಗುರುತು ಹಾಕಿದಳು. ಬಂಡೆಯ ಹಿಂದಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ನನಗೆ ಕಂಡಿತು. ಆದರೂ ಆಗ ನನಗೆ ನಗುವೇ ಬಂತು, ಸುಳ್ಳು ಯಾಕೆ ಹೇಳಲಿ.

ಮೂರನೆಯ ಊರು ಮುಟ್ಟಿದಾಗ ನಗು ಸ್ವಲ್ಪ ಇಳಿಯಿತು. ಅಲ್ಲಿಯ ಮಡು ಕನ್ನಡಿಯ ಹಾಗೆ ತಿಳಿಯಾಗಿತ್ತು, ತಳದ ಹರಳು ಎಣಿಸಬಹುದಿತ್ತು. ಲೆಕ್ಚರರು ಬೆರಗಾಗಿ ತಾವೇ ಇಳಿದು ತುಂಬಿಕೊಂಡರು. ನಾನು ಸುತ್ತ ನೋಡಿದರೆ ಊರಿನ ಕ್ಷೌರಿಕ ಸೊಂಟದವರೆಗೆ ತೊಯ್ದು ಜಾಲಿಯ ಕೆಳಗೆ ಮುದುಡಿ ಕೂತಿದ್ದ. ಅಂಗೈಗಳು ಬೆಳ್ಳಗಾಗಿದ್ದವು. ಏನಾಯಿತಣ್ಣಾ ಎಂದು ಮೆಲ್ಲಗೆ ಕೇಳಿದೆ. ದಾಡಿ ಮಾಡಿದ ಮೇಲೆ ಉಜ್ಜುವ ಪಟಿಕದ ಕಲ್ಲು ಇರುತ್ತದಲ್ಲ, ಅದನ್ನು ನೀರಿನಲ್ಲಾಡಿಸಿದರೆ ಕದಡಿದ್ದು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಊರಿಗೆಲ್ಲ ಪಟಿಕ ಇದ್ದದ್ದು ಅವನೊಬ್ಬನ ಬಳಿ. ಬೆಳಗ್ಗೆ ಬಸ್ಸಿಳಿದ ಮನುಷ್ಯನ ಮಾತು ಕೇಳಿ ಪಂಚರು ಅವನನ್ನು ಹೊಳೆಗಿಳಿಸಿದ್ದರು. ಒಂದು ತಾಸು ನಿಂತು ತಿರುವಿದ್ದನಂತೆ.

“ಊರ ಪಾಸಾಗ್ಲಿ ಬಿಡಣ್ಣಾ,” ಎಂದ. “ಆದ್ರ ಕಲ್ಲೆಲ್ಲ ಕರಗಿ ಹೋತು. ಇನ್ನ ಗುಲ್ಬರ್ಗಾದಿಂದ ಹೊಸಾದು ಬರೋ ತನಕ ಪಂಚರೆಲ್ಲಾ ಗಡ್ಡ ಬಿಡಲಿ.”

ತಲೆ ತಿರುಗಿದವರು

ಈಗ ನಾನು ಲೆಕ್ಕ ಹಾಕತೊಡಗಿದೆ. ನಡುವಿನ ಊರುಗಳು ಪಾಸಾದರೆ ಹೋಗಲಿ, ಅಲ್ಲಿ ಸದ್ಯಕ್ಕೆ ಯಾರಿಗೂ ಕಾಯಿಲೆ ಇರಲಿಲ್ಲ. ಆದರೆ ಕೊನೆಯ ಊರು ಪಾಸಾಗಬಾರದು. ಅದು ಫೇಲಾಗಲೇಬೇಕು. ಮತ್ತು ಬಸ್ಸು ಅಲ್ಲಿಗೂ ಹೋಗಿತ್ತು. ಲೆಕ್ಚರರಿಗೆ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ. ಎರಡೂ ಸಲ ಆಕಳಿಸಿದೆ.

ಚಾಚಾಗೆ ಜಲ್ದಿ ಓಡಿಸಿ ಎಂದರೆ, ಚಿತ್ತಾಪುರದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಇಂಜಿನ್ನಿಗೂ ಜೀವ ಇದೆ ಎಂದು ಬಾನೆಟ್ ಎತ್ತಿ ನಮಾಜಿಗೆ ಹೋದರು. ಮಟಮಟ ಮಧ್ಯಾಹ್ನ. ಟ್ರೇಲರಿನ ತಗಡು ಮುಟ್ಟಿದರೆ ಬೊಬ್ಬೆ ಬರುವಷ್ಟು ಕಾದಿತ್ತು. ಒಬ್ಬ ಹುಡುಗ ತಲೆ ತಿರುಗುತ್ತದೆಂದು ನೆಲಕ್ಕೆ ಕೂತ. ನಾನು ಪೆಟ್ಟಿಗೆಯಿಂದ ಒಂದು ಚೂರು ಬರ್ಫ ತೆಗೆದು ಅವನ ನೆತ್ತಿಗಿಟ್ಟೆ, ಉಳಿದ ತುಣುಕನ್ನು ಬಾಯಿಗೆ ಕೊಟ್ಟೆ. ಪ್ರಥಮ ಚಿಕಿತ್ಸೆ. ಅವನು ಎದ್ದು ಕೂತ ಕೂಡಲೇ ಇನ್ನೊಬ್ಬನಿಗೆ ತಲೆ ತಿರುಗಿತು. ಅವನಿಗೆ ಕೊಡುವಷ್ಟರಲ್ಲಿ ಇಬ್ಬರಿಗೆ. ಹತ್ತು ನಿಮಿಷದಲ್ಲಿ ಕನ್ನಡಕದ ಹುಡುಗಿಯೊಬ್ಬಳನ್ನು ಬಿಟ್ಟು ಎಲ್ಲರೂ ಸಾಲಾಗಿ ನೆರಳಿಗೆ ಬಿದ್ದಿದ್ದರು, ಎಲ್ಲರ ಕೆನ್ನೆಯೂ ಉಬ್ಬಿತ್ತು. ಒಬ್ಬನಂತೂ ಲಿಂಬೆಹಣ್ಣು ಕೊಂಡುಕೊಂಡು ಬಂದು ತಲೆ ತಿರುಗಿಸಿಕೊಂಡ.

ಬರ್ಫ ಅರ್ಧಕ್ಕಿಳಿದಿತ್ತು. ಲೆಕ್ಚರರು ಓಡಿ ಬಂದು ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆಯೇ ಕೂತುಬಿಟ್ಟರು. ಇದು ಕರಗಿದರೆ ಬಾಟಲಿ ಕೆಡುತ್ತದೆ, ಬಾಟಲಿ ಕೆಟ್ಟರೆ ಆ ಮಕ್ಕಳ ಗತಿ ಏನು, ನಿಮಗೆ ಜವಾಬ್ದಾರಿ ಇದೆಯೇ ಎಂದು ಒಬ್ಬೊಬ್ಬರನ್ನೂ ತರಾಟೆಗೆ ತೆಗೆದುಕೊಂಡರು. ಹುಡುಗರು ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ, ನನ್ನ ಕಾರಣ ಬೇರೆ ಇತ್ತು. ಬೈದು ಬೈದು ಅವರ ಗಂಟಲು ಒಣಗಿತು, ಹಣೆಯಿಂದ ಬೆವರು ಇಳಿಯಿತು. ಆಮೇಲೆ ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಹೇಳಿದರು:

“ನನಗೂ ಯಾಕೋ ಸ್ವಲ್ಪ ತಿರುಗಿದ ಹಾಗಾಗ್ತಿದೆ ಕಣ್ರೀ.”

ಚೇರಮನ್ನರ ಮನೆಯ ನೀರು

ಕೊನೆಯ ಊರಿಗೆ ಮೂರೂವರೆಗೆ ಮುಟ್ಟಿದೆವು. ಶಹಾಬಾದಿನಿಂದ ಗುಲ್ಬರ್ಗಾ ಪ್ಯಾಸೆಂಜರ್ ಐದೂವರೆಗೆ. ಊರು ಇನ್ನೂ ದೂರವಿರುವಾಗಲೇ ಗಾಳಿಗೆ ವಾಸನೆ ಬಂತು. ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಇದ್ದ ಮೂಗಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಬ್ಲೀಚಿಂಗ್ ಪೌಡರ್. ಬಾವಿಗಳಿಗೆ ಹಾಕಲೆಂದು ಪಂಚಾಯಿತಿಗೆ ಬಂದ ಒಂದಿಡೀ ಚೀಲವನ್ನು ಊರ ಮುಂದಿನ ಮಡುವಿಗೆ ಸುರಿದಿದ್ದರು. ಸಣ್ಣ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅಷ್ಟೇ ಅಲ್ಲ, ಮನೆಮನೆಯ ಕೊಡಗಳನ್ನೂ ಚೆಲ್ಲಿಸಿ ಹೊಸ ನೀರು ತುಂಬಿಸಿದ್ದರು, ಎಲ್ಲಿ ಮುಳುಗಿಸಿದರೂ ಬಾಟಲಿ ಪಾಸಾಗಲೆಂದು.

ಪಂಚಾಯಿತಿ ಚೇರಮನ್ನರು ಇಸ್ತ್ರಿ ಮಾಡಿದ ಧೋತರ ಉಟ್ಟು ಮುಂದೆ ಬಂದರು. ತುಂಬಿಕೊಳ್ಳಿ, ಇದರಲ್ಲಿ ಒಂದು ಹುಳ ಸಿಕ್ಕರೆ ನನ್ನ ಹೆಸರು ಬದಲಿಸಿ ಎಂದರು.

ಲೆಕ್ಚರರ ಕೈಯಲ್ಲಿ ಕೊನೆಯ ಬಾಟಲಿ ಇತ್ತು. ದಾರ ಬಿಚ್ಚಲಿಲ್ಲ. ಈ ನೀರು ಒಯ್ದರೆ ರಿಪೋರ್ಟ್ ಬಹಳ ಚೆನ್ನಾಗಿ ಬರುತ್ತದೆ ಎಂದು ನಿಧಾನಕ್ಕೆ ಹೇಳಿದರು. ನಾಲ್ಕು ದಿನದಲ್ಲಿ ಪೌಡರಿನ ಕಸುವು ಇಳಿದು ಹೋಗುತ್ತದೆ, ಅಷ್ಟರಲ್ಲಿ ಬೋರಿನ ಲಾರಿಯೂ ಹೋಗಿರುತ್ತದೆ, ನಿಮ್ಮ ಮಕ್ಕಳು ಮತ್ತೆ ಅದೇ ಹೊಳೆ ನೀರು ಕುಡಿಯುತ್ತಾರೆ. ಯಾರು ಹೇಳಿದರು ನಿಮಗೆ ಹೀಗೆ ಮಾಡಲು?

ಎಲ್ಲರೂ ಬಸ್ಸು ಬಂದ ದಿಕ್ಕಿಗೆ ನೋಡಿದರು. ಇಲ್ಲಿ ಮೂರನೆಯ ಸಲ ಆಕಳಿಸುವ ಧೈರ್ಯ ನನಗೂ ಆಗಲಿಲ್ಲ.

“ನಾ ಹೇಳಿದ್ದರಿ ಸರ್,” ಎಂದೆ. “ಮಜಾಕಿಗಿ.”

ಕನ್ನಡಕದ ಹುಡುಗಿ ರಿಜಿಸ್ಟರ್ ಮುಚ್ಚಿದಳು. ಲೆಕ್ಚರರು ನನ್ನ ಕಡೆ ನೋಡಲೇ ಇಲ್ಲ, ಅದೇ ಬೈದದ್ದಕ್ಕಿಂತ ಹೆಚ್ಚಾಯಿತು. ಬೈಯುವ ಕೆಲಸ ಚಾಚಾ ಮಾಡಿದರು: “ಮಜಾಕ್ ಮಾಡ್ಲಿಕ್ಕ ನಿನಗ ಮಂದಿ ಕುಡಿಯೋ ನೀರೇ ಸಿಕ್ತೇನು?”

ನಾನು ಕೈಮುಗಿದು ಎಲ್ಲ ಬಿಡಿಸಿ ಹೇಳಿದೆ. ಹೆಸರು ಹಚ್ಚುವುದಿಲ್ಲ, ಹೆಣ್ಣು ಕೊಡುವುದು ತರುವುದು ನಿಲ್ಲುವುದಿಲ್ಲ, ಫೇಲಾದರೇ ಕೈಪಂಪು ಬರುವುದು. ಅರ್ಧ ಊರು ನಂಬಿತು. ಚೇರಮನ್ನರು ನಂಬಲಿಲ್ಲ. ಐತವಾರ ಅವರ ಮಗಳನ್ನು ನೋಡಲು ಬೀಗರಾಗುವವರು ಬರುವುದಿತ್ತು. ಬೆಳಗ್ಗೆ ಒಂದು ಸುಳ್ಳು ಹೇಳಿದವನು ಈಗ ಇನ್ನೊಂದು ಹೇಳುತ್ತಿಲ್ಲವೆಂದು ಏನು ನಂಬಿಕೆ ಎಂದರು. ನ್ಯಾಯವಾದ ಮಾತು. ಈ ಹೊಳೆ ನೀರು ಅಮೃತ, ಕುಡಿದೇ ನಾವೆಲ್ಲ ದೊಡ್ಡವರಾದದ್ದು, ತುಂಬುವುದಿದ್ದರೆ ಇದನ್ನೇ ತುಂಬಿ, ಇಲ್ಲವಾದರೆ ಖಾಲಿ ಬಾಟಲಿ ಒಯ್ಯಿರಿ ಎಂದು ಅಡ್ಡ ನಿಂತರು. ನಾಲ್ಕೂಕಾಲಾಗಿತ್ತು.

ಆಗ ಜನರ ಹಿಂದಿನಿಂದ ಒಬ್ಬ ಹೆಣ್ಣುಮಗಳು ಮುಂದೆ ಬಂದಳು. ಆಸ್ಪತ್ರೆಯಲ್ಲಿದ್ದ ಇಬ್ಬರಲ್ಲಿ ಒಂದು ಅವಳ ಮಗು. ಬೆಳಗ್ಗೆಯೇ ಆಸ್ಪತ್ರೆಗೆ ಹೋಗಿದ್ದವಳು ಹಾಸಿಗೆ, ರೊಟ್ಟಿ ಒಯ್ಯಲು ಈಗಷ್ಟೇ ಊರಿಗೆ ಬಂದಿದ್ದಳು.

“ಚೇರಮನ್ ಮಾವ, ನನ್ನ ಮನಿಗಿ ಕೀಲಿ ಹಾಕಿತ್ತು. ಇವತ್ತ ನಸುಕಿನಾಗ ಹೊಳಿಗಿ ಹೋಗಿ ತಂದ ಕೊಡ ಹಂಗೇ ಅದ, ಯಾರೂ ಚೆಲ್ಲಿಲ್ಲ. ಅದನ್ನ ಒಯ್ಲಿ.”

ಚೇರಮನ್ನರು ಸ್ವಲ್ಪ ತಡವರಿಸಿದರು. ನಿನ್ನ ಕೂಸು ಸಂತೆಯಲ್ಲಿ ಏನೋ ತಿಂದಿರಬೇಕು ತಂಗಿ, ನೀರಿನ ಮೇಲೆ ಯಾಕೆ ಹಾಕುತ್ತೀ, ನೋಡು, ನಾನೂ ಅದೇ ನೀರು ಕುಡಿಯುತ್ತೇನೆ, ನನಗೇನಾಗಿದೆ ಎಂದರು.

ಅವರ ಮನೆ ಅಲ್ಲೇ ಎದುರಿಗೆ. ಬಾಗಿಲ ಮರೆಯಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿದರು. ದನಿ ಏರಿಸಲೂ ಇಲ್ಲ.

“ಮೂರು ವರ್ಷ ಆತು, ನಮ್ಮನಿಗಿ ಮಠದ ಬಾವಿ ನೀರು ಬಂಡಿ ಮ್ಯಾಲ ಬರ್ಲಿಕತ್ತಿ. ಹೊಳಿ ನೀರು ನಮ್ಮನ್ಯಾಗ ಎಮ್ಮಿ ಕುಡಿತಾವ. ಎಮ್ಮಿಗಿ ಏನೂ ಆಗಿಲ್ಲ, ಅದು ಖರೇ.”

ಮೊದಲು ಒಬ್ಬ ಮುದುಕ ನಕ್ಕ, ಆಮೇಲೆ ಹೆಂಗಸರು, ಆಮೇಲೆ ಊರು. ಚೇರಮನ್ನರು ಹೆಂಡತಿಯನ್ನು ನೋಡಿದರು, ಧೋತರದ ಚುಂಗು ನೋಡಿಕೊಂಡರು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆ ತಾಯಿ ಕೀಲಿ ತೆಗೆದಳು. ಲೆಕ್ಚರರು ಕೊಡದಿಂದ ಬಾಟಲಿ ತುಂಬಿ, ಯಾರ ಮನೆಯದು, ಎಷ್ಟು ಹೊತ್ತಿಗೆ ತಂದದ್ದು, ಹೊಳೆಯಿಂದ ಯಾಕೆ ತುಂಬಲಿಲ್ಲ ಎಂಬುದನ್ನೆಲ್ಲ ಚೀಟಿಯಲ್ಲಿ ಬರೆದು ಅಂಟಿಸಿದರು.

ನಾವು ಟ್ರ್ಯಾಕ್ಟರ್ ಹತ್ತುವಾಗ ಚೇರಮನ್ನರು ಚಾಚಾನ ಹತ್ತಿರ ಬಂದು ಗುಟ್ಟಾಗಿ ಒಂದು ಮಾತು ಕೇಳಿದರಂತೆ: ಫೇಲಾಗುವುದು ಗ್ಯಾರಂಟಿಯೋ, ಇಲ್ಲಾ ತಾವು ಇನ್ನೇನಾದರೂ ಮಾಡಬೇಕೋ.

ನೀರು ಕೊಡದ ಪಾಪಿ

ಲೆಕ್ಚರರು ಹುಡುಗರನ್ನು ಸೇಡಂಗೆ ವಾಪಸು ಕರೆದೊಯ್ಯಬೇಕಿತ್ತು. ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟು, ಇದು ಲ್ಯಾಬ್ ಮುಟ್ಟಲಿಲ್ಲವೆಂದರೆ ನೀವೂ ಕಾಲೇಜು ಮುಟ್ಟಬೇಡಿ ಎಂದಷ್ಟೇ ಹೇಳಿದರು. ಶಹಾಬಾದ್ ಸ್ಟೇಷನ್ ಮುಟ್ಟಿದಾಗ ಪ್ಯಾಸೆಂಜರು ಆಗಲೇ ಕದಲಿತ್ತು, ಓಡಿ ಹತ್ತಿದೆ. ಕಾಲಿಡಲು ಜಾಗವಿಲ್ಲದ ಡಬ್ಬಿ. ಬೆಂಚಿನ ಅಂಚಿಗೆ ನಾಲ್ಕು ಬೆರಳು ಜಾಗ ಸಿಕ್ಕಿತು. ಬರ್ಫ ಬಹುಪಾಲು ಕರಗಿದ್ದರಿಂದ ಮುಚ್ಚಳ ತೆಗೆದು ನೋಡಿದೆ. ಅದೇ ತಪ್ಪಾಯಿತು.

ಎದುರಿಗೆ ಕೂತ ಅಜ್ಜನೊಬ್ಬ ಮೆಣಸಿನಕಾಯಿ ಭಜಿ ತಿಂದು ಬಿಕ್ಕಳಿಸುತ್ತಿದ್ದ. ನಾಲ್ಕು ಬಾಟಲಿ ತಣ್ಣನೆ ನೀರು ಕಂಡು ಕೈ ಚಾಚಿದ. ಇಲ್ಲ ಎಂದೆ. ಅವನಿಗೆ ಅರ್ಥವೇ ಆಗಲಿಲ್ಲ. ನಮ್ಮ ಕಡೆ ರೊಟ್ಟಿ ಇಲ್ಲವೆನ್ನಬಹುದು, ಜಾಗ ಇಲ್ಲವೆನ್ನಬಹುದು. ಬೇಸಿಗೆಯಲ್ಲಿ ನೀರು ಕೇಳಿದವನಿಗೆ, ಅದೂ ಎದುರಿಗಿಟ್ಟುಕೊಂಡು, ಇಲ್ಲವೆಂದವನನ್ನು ಯಾರೂ ನೋಡಿಲ್ಲ. ಅಜ್ಜ ಮತ್ತೆ ಬಿಕ್ಕಿದ. ಒಬ್ಬಾಕೆ, ಎಂಥ ಜನ್ಮ ಇವನದು ಎಂದಳು. ಇನ್ನೊಬ್ಬ, ನಾಲ್ಕಿದ್ದರೂ ಒಂದು ಕೊಡನಲ್ಲ, ಒಯ್ದು ಮಾರುವವನಿರಬೇಕು ಎಂದ. ಇದು ಪರೀಕ್ಷೆಯ ನೀರು ಎಂದರೆ, ಆ ಅಜ್ಜನ ಪ್ರಾಣವೂ ಪರೀಕ್ಷೆಗೆ ಬಂದಿದೆ, ಕೊಡು ಎಂದರು. ಡಬ್ಬಿಯೆಲ್ಲ ಒಂದಾಯಿತು. ದೊಡ್ಡ ಮೀಸೆಯವನೊಬ್ಬ ಎದ್ದು ಬಂದು ಪೆಟ್ಟಿಗೆಯೊಳಗೆ ಕೈ ಹಾಕಿ ಬಾಟಲಿಯ ಕತ್ತು ಹಿಡಿದ. ಆ ತಾಯಿಯ ಕೊಡದ ನೀರಿದ್ದ ಬಾಟಲಿಯೇ ಅದು. ನಾನು ಅದರ ಬುಡ ಹಿಡಿದೆ. ಇಬ್ಬರೂ ಬಿಡಲಿಲ್ಲ.

ಸುಳ್ಳು ಹೇಳಿ ಪಾರಾಗಲು ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಒಂದೂ ಹೊಳೆಯಲಿಲ್ಲ. ಹಾಗಾಗಿ ನಿಜವನ್ನೇ ಹೇಳಿದೆ:

“ವಾಂತಿಭೇದಿ ಹತ್ತಿದ ಊರಿನ ನೀರಿದು. ಎರಡು ಕೂಸು ದವಾಖಾನ್ಯಾಗ ಅವ. ಕುಡಿರಿ ಬೇಕಾದ್ರ.”

ಮೀಸೆಯವನು ಕೈ ತೆಗೆದು ತನ್ನ ಅಂಗಿಗೆ ಒರೆಸಿದ, ಸಾಲದೆಂದು ಪಕ್ಕದವನ ಅಂಗಿಗೂ ಒರೆಸಿದ. ಬೆಂಚು ಖಾಲಿಯಾಯಿತು. ಎದುರು ಬೆಂಚೂ ಖಾಲಿಯಾಯಿತು. ಗುಲ್ಬರ್ಗಾದವರೆಗೆ ಕಾಲು ಚಾಚಿ ಮಲಗಿ ಹೋದೆ.

ಹೆದರಿಕೆಗೆ ಅಜ್ಜನ ಬಿಕ್ಕಳಿಕೆಯೂ ಅಲ್ಲಿಗೇ ನಿಂತಿತ್ತು.

ಫೇಲಾದವರು, ಪಾಸಾದವರು

ಶನಿವಾರ ರಿಪೋರ್ಟ್ ಬಂತು. ಆ ತಾಯಿಯ ಕೊಡದ ನೀರು ಕುಡಿಯಲು ಯೋಗ್ಯವಲ್ಲ. ನನ್ನ ಮಜಾಕಿಗೆ ಮುಂಚೆ ತುಂಬಿದ ಮೊದಲ ಊರಿನದೂ ಯೋಗ್ಯವಲ್ಲ. ನಡುವಿನ ಎರಡು ಊರು ಪಾಸು.

ಐತವಾರ ಬೆಳಗ್ಗೆ ಬೋರಿನ ಲಾರಿ ಕೊನೆಯ ಊರಿಗೆ ಹೋಯಿತು. ಅದೇ ಹೊತ್ತಿಗೆ ಚೇರಮನ್ನರ ಬೀಗರೂ ಬಂದಿಳಿದರು. ಮನೆ ಮುಂದೆ ಸರಕಾರದ ಲಾರಿ ಗುಡುಗುಡು ಎನ್ನುತ್ತಿದ್ದದ್ದು ನೋಡಿ ಇದೇನೆಂದು ಕೇಳಿದರಂತೆ. ನಮ್ಮ ಊರು ಫೇಲಾಗಿದೆ ಎಂದು ಚೇರಮನ್ನರು ಎದೆ ಉಬ್ಬಿಸಿ ಹೇಳಿದರಂತೆ. ಬೀಗರು ಹುಡುಗಿಯನ್ನು ಒಪ್ಪಿ, ಚಹಾ ಕುಡಿದು, ಹೊರಡುವ ಮುನ್ನ ತಮ್ಮ ಊರನ್ನೂ ಫೇಲ್ ಮಾಡಿಸಲು ಯಾರನ್ನು ಹಿಡಿಯಬೇಕೆಂದು ವಿಚಾರಿಸಿದರಂತೆ. ಸೋಮವಾರ ಲಾರಿ ಚಿಂಚೋಳಿಗೆ ಹೋಗುವ ದಾರಿಯಲ್ಲಿ ಮೊದಲ ಊರಿಗೂ ಒಂದು ಬೋರು ಹೊಡೆದು ಹೋಯಿತು. ಮುಂದಿನ ವಾರ ಮಕ್ಕಳಿಬ್ಬರೂ ಮನೆಗೆ ಬಂದರು. ಚೇರಮನ್ನರು ಒಂದು ಬುಟ್ಟಿ ಪೇಢೆ ಹೊರಿಸಿಕೊಂಡು ಕಾಲೇಜಿಗೆ ಬಂದು ಎಲ್ಲರಿಗೂ ಹಂಚಿದರು. ನನಗೊಬ್ಬನಿಗೆ ಕೊಡಲಿಲ್ಲ. ಕನ್ನಡಕದ ಹುಡುಗಿ ತನ್ನದರಲ್ಲಿ ಅರ್ಧ ಮುರಿದು ಕೊಟ್ಟಳು, ಅರ್ಧವೇ.

ಪಾಸಾದ ಊರುಗಳಿಗೂ ಲೆಕ್ಚರರು ಆಮೇಲೆ ಯಾರಿಗೂ ಹೇಳದೆ, ಮುಖ್ಯವಾಗಿ ನನಗೆ ಹೇಳದೆ, ಮತ್ತೆ ಹೋಗಿ ನಿಜವಾದ ನೀರು ತಂದರು. ಅವರು ಹಾಗೆ ಹೋಗಬೇಕಾಗಿ ಬಂದದ್ದು ಪೇಢೆ ಹಂಚಿದ ಮರುದಿನ ನಡೆದದ್ದರಿಂದ.

ಅವತ್ತು ಬೆಳಗ್ಗೆ ಲ್ಯಾಬಿನ ಬಾಗಿಲಲ್ಲಿ ಎರಡನೆಯ ಊರಿನ ಹಿರಿಯರು ನಿಂತಿದ್ದರು. ಹಿಂದೆ ಹತ್ತಾರು ಜನ. ನಮ್ಮ ಮೇಲಿನ ಊರಿಗೆ ಕೈಪಂಪು, ಕೆಳಗೆ ಕೊನೆಯ ಊರಿಗೆ ಕೈಪಂಪು, ನಡುವೆ ನಾವೇನು ಪಾಪ ಮಾಡಿದ್ದೆವು ಎಂದು ಕೇಳಿದರು. ಪಾಸಾದ ಮೇಲೆ ಕೈಪಂಪು ಹೇಗೆ ಬರುತ್ತದೆ ಎಂದು ಲೆಕ್ಚರರು ತಿಳಿಸಿ ಹೇಳಿದರು. ಅದು ಗೊತ್ತಾಗಿದೆ, ಅದಕ್ಕೇ ಸಪ್ಲಿಮೆಂಟರಿ ಕಟ್ಟಲು ಬಂದಿದ್ದೇವೆ, ನೀರು ನಾವೇ ತಂದಿದ್ದೇವೆ ಎಂದು ಹಿರಿಯರು ಉಪ್ಪಿನಕಾಯಿಯ ದೊಡ್ಡ ಭರಣಿಯೊಂದನ್ನು ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದ ಕೂಡಲೇ ಹುಡುಗರೆಲ್ಲ ಕಿಟಕಿಗೆ ಓಡಿದರು. ಲೆಕ್ಚರರು ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಇಣುಕಿದರು. ಕಪ್ಪಗೆ, ಮಂದವಾಗಿ, ನಿಧಾನಕ್ಕೆ ಗುಳ್ಳೆ ಏಳುತ್ತಿತ್ತು. ಒಂದು ಕೋಳಿಯ ಗರಿ ತೇಲುತ್ತಿತ್ತು. ಇದು ಹೊಳೆ ನೀರೇ ಎಂದು ಕೇಳಿದರು. ಹೌದೆಂದರು ಹಿರಿಯರು. ಬರೀ ಹೊಳೆ ನೀರೇ ಎಂದು ಕೇಳಿದರು. ಹಿರಿಯರು ಸ್ವಲ್ಪ ಯೋಚಿಸಿದರು. ಹಾಗಾದರೆ ಇದರಲ್ಲಿ ಏನೇನು ಹಾಕಿದ್ದೀರಿ, ಹಾಕಿದವರು ಯಾರು, ಹೆಸರು ಹೇಳಿ ಎಂದು ಲೆಕ್ಚರರು ರೇಗಿದರು.

ಹಿರಿಯರು ತಲೆಯ ಪಟಗಾ ತೆಗೆದು ಕಂಕುಳಲ್ಲಿಟ್ಟುಕೊಂಡು ವಿನಯದಿಂದ ಹೇಳಿದರು:

“ಒಬ್ಬರ ಹೆಸರು ತಗೊಂಡ್ರ ಉಳಿದವರಿಗಿ ಬೇಜಾರಾಗ್ತದರಿ ಸಾಬ್. ಮನಿಗೊಬ್ಬರಂಗ ಊರೆಲ್ಲಾ ಕೈ ಹಚ್ಚ್ಯಾರ.”